ಕಮರಿಯೊಳಗಿನ ಹಳೇ ದಾರಿಯಲ್ಲಿ ಜಲಪಾತಕ್ಕೆ: ಮೇಲಿನ ಕಾಲುದಾರಿಯೋ, ಹೊಳೆಯ ಪಾತ್ರವೋ?

ಮಂಜುಹನಿ
ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಅಪ್ಪ, ತಮ್ಮ, ನಾನು ಮೂವರೂ ಒಂದು ಚಾರಣಕ್ಕೆ ಹೊರಟಿದ್ದೇವೆ. ನದಿ ಕೊರೆದ ಆಳದ ಕಮರಿ. ಅದರ ಒಂದು ಮಗ್ಗುಲಿಗೆ ಅಂಟಿಕೊಂಡು ಹೋಗುವ ಹಳೇ ಕಾಲುದಾರಿ. ತುದಿಯಲ್ಲಿ ಜಲಪಾತ. ಹೋಗುವುದು 8 ಕಿಲೋಮೀಟರ್, ಬರುವುದೂ ಅದೇ ದಾರಿಯಲ್ಲಿ. ಹತ್ತಬೇಕಾದ ಎತ್ತರ ಒಟ್ಟು 600 ಮೀಟರ್ ಎಂದು ನಕ್ಷೆ ನೋಡಿ ಲೆಕ್ಕ ಹಾಕಿದ್ದೇನೆ. ಜಾಗದ ಹೆಸರು ಬೇಕೆಂದೇ ಹಾಕಿಲ್ಲ. ಹಾಕಿದರೆ ಜನ ಮುಗಿಬೀಳುತ್ತಾರೆ, ಅದು ನನಗೆ ಇಷ್ಟವಿಲ್ಲ.

ಈಗ ಮನೆಯಲ್ಲಿ ಇದರದ್ದೇ ಜಗಳ. ಹಳೇ ದಾರಿ ಮೊದಲು ನದಿಯನ್ನು ಬಿಟ್ಟು ತುಂಬಾ ಮೇಲಕ್ಕೆ ಹತ್ತುತ್ತದೆ, ಆಮೇಲೆ ಪಕ್ಕಕ್ಕೆ ಸಾಗುತ್ತದೆ, ಕೊನೆಯಲ್ಲಿ ಜಲಪಾತದ ಬುಡಕ್ಕೆ ಇಳಿಯುತ್ತದೆ. ಆದರೆ ಫೋನಿನ ಆ್ಯಪ್‌ನಲ್ಲಿ ಯಾರೋ ಹಾಕಿರುವ ಇನ್ನೊಂದು ಗೆರೆ ಸೀದಾ ಹೊಳೆಯೊಳಗೇ ಹೋಗುತ್ತದೆ. ಅದು 6 ಕಿಲೋಮೀಟರ್ ಅಷ್ಟೇ, ಏರೂ ಕಮ್ಮಿ. ತಮ್ಮನಿಗೆ ಅದೇ ಬೇಕು. ಅಪ್ಪನಿಗೆ 61 ವರ್ಷ, ದಿನಾ ನಡೆಯುತ್ತಾರೆ, ಆದರೆ ಮಂಡಿ ಒಂಚೂರು ನೋಯುತ್ತದೆ. ಏರು ಕಮ್ಮಿ ಇರುವುದೇ ಅಪ್ಪನಿಗೆ ಒಳ್ಳೆಯದು ಅನ್ನುವುದು ತಮ್ಮನ ವಾದ. ನನಗೆ ಯಾಕೋ ಮನಸ್ಸು ಒಪ್ಪುತ್ತಿಲ್ಲ. ಇಂಥ ಕಡೆ ನಡೆದವರು ಹೇಳಿ, ಯಾವುದು ಸರಿ?

ಹೊಳೆಸಾಲು
ತಮ್ಮ ಹೇಳುವುದೇ ಸರಿ. ಬೇಸಿಗೆಯಲ್ಲಿ ಹೊಳೆ ಇಳಿದಿರುತ್ತದೆ. ಬಂಡೆಯಿಂದ ಬಂಡೆಗೆ ದಾಟುತ್ತಾ ಹೋದರೆ ನೆರಳೂ ಇರುತ್ತದೆ, ನೀರೂ ಕೈಗೆ ಸಿಗುತ್ತದೆ. ದಾರಿ ತಪ್ಪುವ ಮಾತೇ ಇಲ್ಲ, ಎರಡೂ ಕಡೆ ಗೋಡೆ. ನಾನು ಇಂಥ ನಾಲ್ಕು ಕಮರಿ ಹೀಗೇ ನೋಡಿದ್ದೇನೆ.

ಕಲ್ಲುದಾರಿ
ಮಂಜುಹನಿ ಅವರೇ, ಮೇಲಿನ ದಾರಿಯಲ್ಲಿ ಹೋಗಿ. ಕಾರಣ ಹೇಳುತ್ತೇನೆ.

ಆ ದಾರಿ ಮಾಡಿದವರು ಗಾಳಿ ಕುಡಿಯಲು ಹೋದವರಲ್ಲ. ಬೆನ್ನ ಮೇಲೆ ಹೊರೆ, ಜೊತೆಗೆ ಹೇಸರಗತ್ತೆಗಳು, ವರ್ಷವಿಡೀ ಓಡಾಟ. ಅವರಿಗೆ ಹೊಳೆಯ ಪಾತ್ರ ಕಣ್ಣಿಗೆ ಬಿದ್ದಿರಲಿಲ್ಲ ಅಂತೀರಾ? ಬಿದ್ದಿತ್ತು. ಆದರೂ ಅಷ್ಟು ಕಷ್ಟಪಟ್ಟು 200-300 ಮೀಟರ್ ಮೇಲೆ ಕಲ್ಲು ಕಟ್ಟಿ ದಾರಿ ತೆಗೆದರು. ಅಲ್ಲಿಗೆ ನೆರೆ ಬರುವುದಿಲ್ಲ, ಅದಕ್ಕೆ. ಹಳೇ ದಾರಿ ಹೊಳೆಯನ್ನು ಬಿಟ್ಟು ಮೇಲೆ ಹೋಯಿತು ಅಂದರೆ ಕೆಳಗೆ ಏನೋ ಇದೆ ಎಂದೇ ಅರ್ಥ: ಮಡು, ಇಕ್ಕಟ್ಟು, ಇಲ್ಲವೇ ದಾಟಲಾಗದ ಬಂಡೆ.

ಮಂಡಿನೋವಿಗೂ ಅದೇ ಒಳ್ಳೆಯದು. ಹೇರು ಹೊತ್ತ ಪ್ರಾಣಿಗಾಗಿ ಮಾಡಿದ ದಾರಿಯ ಏರು ಒಂದೇ ಹದದಲ್ಲಿರುತ್ತದೆ. ಬಂಡೆಯಿಂದ ಬಂಡೆಗೆ ನೆಗೆಯುವಾಗ ಮಂಡಿಗೆ ಬೀಳುವ ಪೆಟ್ಟೇ ಬೇರೆ.

ನಿಧಾನನಡಿಗೆ
ಮೊದಲು ಹೊತ್ತಿನ ಲೆಕ್ಕ ಹಾಕಿ. 1892ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಒಂದು ಸರಳ ಸೂತ್ರ ಕೊಟ್ಟರು. ಇವತ್ತಿಗೂ ಚಾರಣದವರು ಅದನ್ನೇ ಬಳಸುತ್ತಾರೆ. ನಮ್ಮ ಅಳತೆಗೆ ತಂದರೆ 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನಿಮ್ಮ 8 ಕಿಲೋಮೀಟರಿಗೆ 1 ಗಂಟೆ 36 ನಿಮಿಷ, ಏರಿಗೆ 1 ಗಂಟೆ. ಹೋಗಲು 2 ಗಂಟೆ 36 ನಿಮಿಷ ಆಯಿತು. ಬರಲು 1 ಗಂಟೆ 36 ನಿಮಿಷ. ಒಟ್ಟು ನಾಲ್ಕೂಕಾಲು ಗಂಟೆ.

ಆದರೆ ಇದು ಗಟ್ಟಿ ಕಾಲಿನವರು ಒಳ್ಳೇ ದಾರಿಯಲ್ಲಿ ಎಲ್ಲೂ ನಿಲ್ಲದೆ ನಡೆದಾಗಿನ ಲೆಕ್ಕ. ಅಪ್ಪ ಜೊತೆಗಿದ್ದಾರೆ, ದಾರಿ ಹಳೇದು, ಫೋಟೋಗೆ ನಿಲ್ಲುತ್ತೀರಿ. ಅದನ್ನು ಎರಡರಷ್ಟು ಮಾಡಿ. ಎಂಟೂವರೆ ಗಂಟೆ ಇಟ್ಟುಕೊಳ್ಳಿ.

ಇಬ್ಬನಿಬೆಳಗು
ಎಂಟೂವರೆ ಗಂಟೆ ಎಂದರೆ ಬೆಳಗ್ಗೆ ಆರಕ್ಕೇ ಹೊರಡಬೇಕು. ಕಮರಿಯಲ್ಲಿ ಹೊರಗಿಗಿಂತ ಮೊದಲೇ ಕತ್ತಲಾಗುತ್ತದೆ. ಮೇಲೆ ಬಿಸಿಲು ಇನ್ನೂ ಹೊಳೆಯುತ್ತಿರುತ್ತದೆ, ಕೆಳಗೆ ನಿಮ್ಮ ಕಾಲು ಇಟ್ಟ ಜಾಗ ಕಾಣುವುದಿಲ್ಲ. ತಲೆಗೆ ಕಟ್ಟುವ ಟಾರ್ಚ್ ಮೂವರಿಗೂ ಒಂದೊಂದು ಬೇಕು. ಮೂವರಿಗೆ ಒಂದು ಸಾಲದು.

ಹೊಳೆಸಾಲು
@ಕಲ್ಲುದಾರಿ ನೆರೆ ಬರುವುದು ಮಳೆಗಾಲದಲ್ಲಿ. ಅವರು ಹೋಗುತ್ತಿರುವುದು ಒಣ ದಿನಗಳಲ್ಲಿ. ಸುಮ್ನೆ ಹೆದರಿಸುವುದು ಯಾಕೆ?

ಕಲ್ಲುದಾರಿ
ಹೆದರಿಸುತ್ತಿಲ್ಲ. ನೀವು ನಿಂತ ಜಾಗದಲ್ಲಿ ಮಳೆ ಬರಬೇಕಾಗಿಲ್ಲ. ಹತ್ತಾರು ಕಿಲೋಮೀಟರ್ ಮೇಲೆ ಎಲ್ಲೋ ಒಂದು ಗುಡುಗು ಮಳೆ ಸುರಿದರೆ ಸಾಕು, ಆ ನೀರೆಲ್ಲ ಒಟ್ಟಾಗಿ ಬರುವುದು ಈ ಇಕ್ಕಟ್ಟಿಗೇ. 1999ರ ಜುಲೈ 27ರಂದು ಸ್ವಿಟ್ಜರ್ಲೆಂಡಿನ ಇಂಟರ್‌ಲಾಕೆನ್ ಹತ್ತಿರದ ಸಾಕ್ಸೆಟನ್ ಕಮರಿಯಲ್ಲಿ ಹೀಗೆ ಬಂದ ನೆರೆಗೆ 21 ಜನ ಹೋದರು. ಅವರಲ್ಲಿ ಮೂವರು ಮಾರ್ಗದರ್ಶಿಗಳೇ. 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಝಯಾನ್ ರಾಷ್ಟ್ರೀಯ ಉದ್ಯಾನದ ಕೀಹೋಲ್ ಕಮರಿಯಲ್ಲಿ ಏಳು ಜನ. ಒಳಗೆ ಹೋದ ಮೇಲೆ ಎರಡೂ ಕಡೆ ಗೋಡೆ, ದಾರಿ ತಪ್ಪುವ ಮಾತೇ ಇಲ್ಲ ಅಂದಿರಲ್ಲ, ಹತ್ತಿ ತಪ್ಪಿಸಿಕೊಳ್ಳಲೂ ಆ ಗೋಡೆಗಳು ಬಿಡುವುದಿಲ್ಲ.

ದೂರತೀರ
ಅದೇ ಝಯಾನ್‌ನಲ್ಲಿ ನ್ಯಾರೋಸ್ ಅನ್ನುವ ಜಾಗದಲ್ಲಿ ಜನ ಹೊಳೆಯೊಳಗೇ ನಡೆಯುತ್ತಾರೆ, ಅದು ತಪ್ಪೇನಲ್ಲ. ಆದರೆ ನೀರಿನ ಹರಿವು ಸೆಕೆಂಡಿಗೆ 150 ಘನ ಅಡಿ ದಾಟಿದರೆ ಅಲ್ಲಿ ಮುಚ್ಚುತ್ತಾರೆ. ಎಂದರೆ ಸುಮಾರು 4,200 ಲೀಟರ್. ನೆರೆಯ ಎಚ್ಚರಿಕೆ ಬಂದರೂ ಮುಚ್ಚುತ್ತಾರೆ. ಅಲ್ಲಿ ಅಳೆಯುವವರು ಇದ್ದಾರೆ. ಮಂಜುಹನಿ ಹೋಗುವ ಹೊಳೆಯಲ್ಲಿ ಅಳೆಯುವವರು ಯಾರು?

ಮಂಜುಹನಿ
ಯಾರೂ ಇಲ್ಲ. ಮೇಲೆ ನದಿ ಎಲ್ಲಿಂದ ಬರುತ್ತದೆ ಎಂದು ನಕ್ಷೆ ನೋಡಿದೆ. ಜಲಪಾತದ ಮೇಲೆ ಇನ್ನೂ ಮೂರು ಹಳ್ಳ ಬಂದು ಸೇರುತ್ತವೆ. ಇದು ನನ್ನ ತಲೆಗೇ ಬಂದಿರಲಿಲ್ಲ.

ನಕ್ಷೆಗೆರೆ
ಒಂದು ಬೇರೆ ಮಾತು. ಆ್ಯಪ್‌ನಲ್ಲಿ ಹೊಳೆಯೊಳಗೆ ಹೋಗುವ ಗೆರೆ ಇದೆ ಅಂದಿರಲ್ಲ, ಅದು ನಿಜವಾಗಿಯೂ ಹೊಳೆಯೊಳಗಿನ ದಾರಿ ಎಂದು ಹೇಗೆ ಗೊತ್ತು?

ಕಮರಿಯಲ್ಲಿ ಫೋನಿಗೆ ಆಕಾಶದ ಒಂದು ಪಟ್ಟಿ ಮಾತ್ರ ಕಾಣುತ್ತದೆ. ಉಪಗ್ರಹಗಳು ಕಮ್ಮಿ ಸಿಗುತ್ತವೆ. ಸಿಕ್ಕವುಗಳ ಸಂಕೇತವೂ ಬಂಡೆಗೋಡೆಗೆ ಬಡಿದು ಸುತ್ತಿ ಬರುತ್ತದೆ. ಆಗ ಜಿಪಿಎಸ್ ನಿಮ್ಮನ್ನು ಇದ್ದ ಜಾಗಕ್ಕಿಂತ ಐವತ್ತು, ನೂರು ಮೀಟರ್ ಆಚೆ ತೋರಿಸಬಹುದು. ಮೇಲಿನ ದಾರಿಯಲ್ಲೇ ನಡೆದವರ ಗೆರೆ ಹೊಳೆಯ ಮೇಲೆ ಬಿದ್ದಿರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಗೆರೆಯನ್ನು ದೊಡ್ಡದು ಮಾಡಿ ನೋಡಿ. ಹಲ್ಲುಹಲ್ಲಾಗಿ ಅತ್ತಿತ್ತ ನೆಗೆದಿದೆಯಾ? ಬಂಡೆಯನ್ನು ತೂರಿ ಹೋಗಿದೆಯಾ? ಹಾಗಿದ್ದರೆ ಅದನ್ನು ನಂಬಬೇಡಿ.

ಮಂಜುಹನಿ
ನೋಡಿದೆ. ಹೊಳೆಯನ್ನು 14 ಸಲ ದಾಟಿದೆ. ಒಂದು ಕಡೆ ಸೀದಾ ಬಂಡೆಗೋಡೆಯ ಒಳಗಿಂದ ಹೋಗಿದೆ! ಗೆರೆಯ ಜೊತೆ ಹಾಕಿದ ಆರು ಫೋಟೋ ತೆಗೆದು ನೋಡಿದೆವು. ಎಲ್ಲದರಲ್ಲೂ ಹೊಳೆ ಕೆಳಗೆ ದೂರದಲ್ಲಿದೆ. ಒಂದರಲ್ಲಿ ಕಲ್ಲಿನ ಅಂಚುಕಟ್ಟು ಕಾಣುತ್ತದೆ. ಅಂದರೆ ಆ ಮನುಷ್ಯ ಮೇಲಿನ ದಾರಿಯಲ್ಲೇ ಹೋಗಿದ್ದಾನೆ ಅಲ್ವಾ?

ತಮ್ಮನಿಗೆ ತೋರಿಸಿದೆ. ಹತ್ತು ನಿಮಿಷ ಮಾತಾಡದೆ ಕೂತಿದ್ದ.

ನಕ್ಷೆಗೆರೆ
ಹೌದು, ಮೇಲಿನ ದಾರಿಯೇ. ದಯವಿಟ್ಟು ಆ ಗೆರೆಯ ಕೆಳಗೆ ಇದನ್ನು ಬರೆದು ಹಾಕಿ. ನಿಮ್ಮ ತಮ್ಮನ ಹಾಗೆ ಇನ್ನೊಬ್ಬರು ಅದನ್ನು ನೋಡಿ ಹೊಳೆಗೆ ಇಳಿದಿರಬಹುದು.

ಹೊಳೆಸಾಲು
ಗೆರೆಯ ವಿಷಯ ಒಪ್ಪುತ್ತೇನೆ, ಅದು ನನಗೂ ಹೊಸದು. ಆದರೆ ಹೊಳೆಯಲ್ಲಿ ನಡೆಯುವುದೇ ತಪ್ಪು ಎಂದು ಯಾರೂ ತೀರ್ಪು ಕೊಡಬೇಡಿ. ಗೊತ್ತಿರುವ ಹೊಳೆ, ಗೊತ್ತಿರುವ ಕಾಲ, ನಿಂತಲ್ಲೆಲ್ಲ ಮೇಲೆ ಹತ್ತಲು ಜಾಗ ಎಲ್ಲಿದೆ ಎಂದು ನೋಡಿಕೊಳ್ಳುವ ಅಭ್ಯಾಸ, ಇಷ್ಟಿದ್ದರೆ ಅದರಂಥ ನಡಿಗೆ ಬೇರೆ ಇಲ್ಲ. ಬೆಳಗ್ಗೆ ಬಂಡೆಯ ಸಂದಿನಿಂದ ಬಿಸಿಲಕೋಲು ನೀರಿಗೆ ಬಿದ್ದು, ಆ ಬೆಳಕು ಮೇಲಿನ ಗೋಡೆಯ ಮೇಲೆ ಅಲುಗಾಡುವುದನ್ನು ನೋಡಿದ್ದೀರಾ? ನನಗೆ ಅದು ಬೇಕು. ಅದಕ್ಕೇ ಹೋಗುತ್ತೇನೆ.

ಕಲ್ಲುದಾರಿ
ಇದಕ್ಕೆ ನನ್ನ ತಕರಾರಿಲ್ಲ. ಗೊತ್ತಿಲ್ಲದ ಹೊಳೆಗೆ, ಮಂಡಿನೋವಿನ ಅಪ್ಪನ ಜೊತೆ ಬೇಡ ಎಂದಷ್ಟೇ ನಾನು ಹೇಳಿದ್ದು.

ಗುಡ್ಡದಾಚೆ
ಮೇಲಿನ ದಾರಿಯಲ್ಲೂ ಹೊಳೆ ದಾಟಬೇಕಾಗಿ ಬರಬಹುದು. ಪಕ್ಕದಿಂದ ಬಂದು ಸೇರುವ ಹಳ್ಳಗಳು ಇರುತ್ತವೆ. ಸಂಕ ಕೊಚ್ಚಿಹೋಗಿದ್ದರೆ ಕಾಲಲ್ಲೇ ದಾಟಬೇಕು. ನನ್ನ ಅನುಭವದಿಂದ ಹೇಳುತ್ತೇನೆ.

ಇಕ್ಕಟ್ಟಾದ ಕಡೆ ದಾಟಬೇಡಿ. ದೂರ ಕಮ್ಮಿ ಎಂದು ಅನಿಸುತ್ತದೆ, ಆದರೆ ನೀರು ಅಲ್ಲೇ ಆಳ, ಅಲ್ಲೇ ರಭಸ. ಹೊಳೆ ಹರಡಿಕೊಂಡು ಸದ್ದು ಮಾಡುತ್ತಾ ಹರಿಯುವ ಕಡೆ ದಾಟಿ. ನೀರಿನ ವೇಗ ಎರಡರಷ್ಟಾದರೆ ಅದು ಕಾಲಿಗೆ ಕೊಡುವ ನೂಕು ನಾಲ್ಕರಷ್ಟಾಗುತ್ತದೆ. ರಭಸದ ನೀರು ಒಂದು ಗೇಣಿಗಿಂತ ಕಮ್ಮಿ, 15 ಸೆಂಟಿಮೀಟರ್ ಇದ್ದರೂ ದೊಡ್ಡವರನ್ನೇ ಬೀಳಿಸಬಲ್ಲದು. ಬ್ಯಾಗಿನ ಸೊಂಟದ ಪಟ್ಟಿ ಬಿಚ್ಚಿ. ಬಿದ್ದರೆ ಅದನ್ನು ಕಳಚಿ ಬಿಡಬೇಕಾಗುತ್ತದೆ. ಶೂ ಬಿಚ್ಚಬೇಡಿ. ಮುಖ ನೀರು ಬರುವ ಕಡೆಗೆ ಇರಲಿ, ಕೋಲನ್ನು ಮುಂದೆ ಊರಿ, ಒಂದೊಂದೇ ಹೆಜ್ಜೆ ಪಕ್ಕಕ್ಕೆ ಸರಿಸಿ.

ಕೊಚ್ಚಿಕೊಂಡು ಹೋದರೆ ಎದ್ದು ನಿಲ್ಲಲು ಹೋಗಬೇಡಿ. ಕಾಲು ಬಂಡೆ ಸಂದಿಗೆ ಸಿಕ್ಕಿದರೆ ನೀರು ಮೇಲಿಂದ ಒತ್ತಿ ಮುಳುಗಿಸುತ್ತದೆ. ಅಂಗಾತ ತೇಲಿ, ಕಾಲು ಮುಂದಕ್ಕೆ ಇರಲಿ, ನಿಧಾನ ದಡಕ್ಕೆ ಸರಿಯಿರಿ.

ಸೀಟಿ
ಅಕ್ಕ, ಮೂವರ ಕೊರಳಲ್ಲೂ ಒಂದೊಂದು ಸೀಟಿ ಇರಲಿ. ಕಮರಿಯಲ್ಲಿ ನೀರಿನ ಸದ್ದಿಗೆ ಕೂಗು ಕೇಳುವುದಿಲ್ಲ, ಫೋನಿಗೆ ಸಿಗ್ನಲ್ ಇರುವುದಿಲ್ಲ. ಬೆಟ್ಟದಲ್ಲಿ ನೆರವು ಬೇಕು ಅನ್ನುವುದಕ್ಕೆ ಒಂದು ನಿಮಿಷದಲ್ಲಿ ಆರು ಸಲ ಊದಬೇಕು, ಒಂದು ನಿಮಿಷ ಸುಮ್ಮನಿರಬೇಕು, ಮತ್ತೆ ಆರು. ಉತ್ತರ ಕೊಡುವವರು ನಿಮಿಷಕ್ಕೆ ಮೂರು ಊದುತ್ತಾರೆ. ಆಲ್ಪ್ಸ್ ಕಡೆ ಶುರುವಾದ ಪದ್ಧತಿ.

ಬಂಡೆಪಾಠ
ಜಲಪಾತದ ಹತ್ತಿರ ಹೋದಾಗ ಒಂದು ವಿಷಯ ನೆನಪಿರಲಿ. ಕಮರಿ ಮೊದಲು, ಜಲಪಾತ ಆಮೇಲೆ ಎಂದು ನಾವು ಅಂದುಕೊಳ್ಳುತ್ತೇವೆ. ಎಷ್ಟೋ ಕಡೆ ಜಲಪಾತವೇ ಕಮರಿಯನ್ನು ಮಾಡಿರುತ್ತದೆ. ಮೇಲೆ ಗಟ್ಟಿ ಬಂಡೆ, ಕೆಳಗೆ ಮೆತ್ತನೆಯದು. ಬೀಳುವ ನೀರು ಕೆಳಗಿನದನ್ನು ಕೊರೆಯುತ್ತದೆ, ಮೇಲಿನದು ಆಸರೆ ತಪ್ಪಿ ಮುರಿದು ಬೀಳುತ್ತದೆ. ಜಲಪಾತ ಒಂದು ಹೆಜ್ಜೆ ಹಿಂದೆ ಸರಿಯುತ್ತದೆ. ನಯಾಗರ ಹೀಗೆ ಸುಮಾರು 12,000 ವರ್ಷಗಳಲ್ಲಿ 11 ಕಿಲೋಮೀಟರ್ ಹಿಂದೆ ಸರಿದಿದೆ. ಅದರ ಕೆಳಗಿನ ಕಮರಿ ಅದು ನಡೆದು ಬಂದ ಹಾದಿ.

ಹಾಗಾಗಿ ನೀವು ಒಳಗೆ ಹೋದ ಹಾಗೆಲ್ಲ ಗೋಡೆ ಹೊಸದಾಗುತ್ತಾ ಹೋಗುತ್ತದೆ. ಜಲಪಾತದ ಪಕ್ಕದ ಗೋಡೆ ಎಲ್ಲಕ್ಕಿಂತ ಹೊಸದು, ಇನ್ನೂ ಕಳಚುತ್ತಿರುವುದು. ಅಲ್ಲಿ ಚಾಚಿದ ಬಂಡೆಯ ಕೆಳಗೆ ತಂಪಾಗಿದೆ ಎಂದು ಕೂತು ಊಟ ಮಾಡಬೇಡಿ. ಬುಡದಲ್ಲಿ ಅಂಚು ಚೂಪಾದ, ಪಾಚಿ ಹಿಡಿಯದ ಕಲ್ಲುಗಳಿದ್ದರೆ ಅವು ಈಚೆಗೆ ಬಿದ್ದವು.

ದೂರತೀರ
ಎಲ್ಲ ಜಲಪಾತವೂ ಹೀಗೆ ಆದದ್ದಲ್ಲ ಸರ್. ಹಿಮನದಿ ದೊಡ್ಡ ಕಣಿವೆಯನ್ನು ಆಳಕ್ಕೆ ಕೊರೆದು, ಪಕ್ಕದ ಚಿಕ್ಕ ಕಣಿವೆ ಮೇಲೇ ಉಳಿದುಬಿಟ್ಟರೆ ಅಲ್ಲಿಂದಲೂ ನೀರು ಧುಮುಕುತ್ತದೆ.

ಬಂಡೆಪಾಠ
ನಿಜ, ಅದಕ್ಕೇ "ಎಷ್ಟೋ ಕಡೆ" ಎಂದೆ. ನೇತಾಡುವ ಕಣಿವೆ ಎಂದು ಅದನ್ನು ಪಾಠದಲ್ಲಿ ಹೇಳುತ್ತೇವೆ. ಆದರೆ ಅಲ್ಲೂ ಬಂಡೆಯ ಕೆಳಗೆ ಕೂರಬೇಡಿ.

ಪದಪ್ರೀತಿ
ಎಲ್ಲರೂ "ಕಮರಿ" ಎಂದು ಬರೆದದ್ದು ನೋಡಿ ಖುಷಿಯಾಯಿತು. ಪತ್ರಿಕೆಗಳಲ್ಲಿ "ಕಂದಕ", "ಕಂದರ", "ಕಣಿವೆ" ಎಲ್ಲವನ್ನೂ ಕಲಸಿಬಿಡುತ್ತಾರೆ. ಕಣಿವೆ ಅಗಲವಾದದ್ದು, ಊರು ಹೊಲ ಇರಬಹುದು. ಕಮರಿ ಕಡಿದಾಗಿ ಆಳಕ್ಕೆ ಇಳಿದದ್ದು. ಕಂದಕ ತೋಡಿದ್ದು, ಕೋಟೆಯ ಸುತ್ತ ಇರುತ್ತದಲ್ಲ, ಅದು.

ಇಬ್ಬನಿಬೆಳಗು
ಕೊರಕಲು?

ಪದಪ್ರೀತಿ
ಕೊರಕಲು ಮಳೆನೀರು ಕೊರೆದ ಚಿಕ್ಕದು. ಇಳಿದು ಹತ್ತಬಹುದು. ಕಮರಿಗೆ ಇಳಿದರೆ ಸುಲಭಕ್ಕೆ ಹತ್ತಲಾಗುವುದಿಲ್ಲ.

ತಿಳಿನೀರು
ಬೀಳುವ ನೀರಿನ ಕೆಳಗಿನ ಮಡುವಿನ ಬಗ್ಗೆ ಯಾರೂ ಬರೆದಿಲ್ಲ. ನಾನು ಬರೆಯಲೇಬೇಕು.

ನನ್ನ ಗೆಳೆಯ ಚೆನ್ನಾಗಿ ಈಜುತ್ತಿದ್ದ. ಒಂದು ಜಲಪಾತದ ಮಡುವಿನಲ್ಲಿ ದಡದಿಂದ ಈಜಿಕೊಂಡು ನೀರು ಬೀಳುವ ಕಡೆಗೆ ಹೋದ. ತಿಳಿನೀರು ಇರುವ ತನಕ ಏನೂ ತೊಂದರೆ ಇರಲಿಲ್ಲ. ಬಿಳಿ ನೊರೆ ಶುರುವಾದ ಕಡೆ ಅವನ ಕೈ ಬೀಸುವುದು ಕಾಣುತ್ತಿತ್ತು, ಆದರೆ ತಲೆ ಮೇಲೆ ನಿಲ್ಲುತ್ತಿರಲಿಲ್ಲ. ಕೈ ಬೀಸಿದಷ್ಟೂ ಕೆಳಗೆ ಹೋಗುತ್ತಿದ್ದ. ನೊರೆಯಲ್ಲಿ ಅರ್ಧ ಗಾಳಿಯೇ ಇರುತ್ತದೆ, ಅದು ಮೈಯನ್ನು ಎತ್ತಿ ಹಿಡಿಯುವುದಿಲ್ಲ. ಜೊತೆಗೆ ಬಿದ್ದ ನೀರು ತಳಕ್ಕೆ ಹೋಗಿ ತಿರುಗಿ ಮೇಲೆ ಬಂದು ಮತ್ತೆ ಬೀಳುವ ಕಡೆಗೇ ಎಳೆಯುತ್ತದೆ. ನಮ್ಮ ಹತ್ತಿರ ಹಗ್ಗ ಇತ್ತು. ತುದಿಗೆ ಖಾಲಿ ಬಾಟಲಿ ಕಟ್ಟಿ ಎಸೆದೆವು. ಮೂರನೇ ಸಲಕ್ಕೆ ಅವನ ಕೈಗೆ ಸಿಕ್ಕಿತು. ದಡಕ್ಕೆ ಎಳೆದಾಗ ಅವನ ಬೆರಳು ಬಿಡಿಸಲು ಆಗಲಿಲ್ಲ, ಅಷ್ಟು ಗಟ್ಟಿ ಹಿಡಿದಿದ್ದ. ಈಗಲೂ ಆ ಬೆರಳುಗಳೇ ಕಣ್ಣ ಮುಂದೆ ಬರುತ್ತವೆ.

ತಮ್ಮನಿಗೆ ಹೇಳಿ. ದಡದಲ್ಲಿ ಕಾಲು ನೆನೆಸಿದರೆ ಸಾಕು.

ಮಂಜುಹನಿ
ಓದಿ ಹೇಳಿದೆ ಅಣ್ಣ. ಅಮ್ಮನೂ ಕೇಳಿಸಿಕೊಂಡರು. ಹಗ್ಗ ತೆಗೆದುಕೊಂಡು ಹೋಗುತ್ತೇವೆ, ನೀರಿಗೆ ಇಳಿಯುವುದಿಲ್ಲ.

ಸೀಟಿ
ನೆರೆ ಬರುವ ಮೊದಲು ಗೊತ್ತಾಗುತ್ತದಾ?

ಗುಡ್ಡದಾಚೆ
ಕೆಲವು ಸಲ. ತಿಳಿಯಾಗಿದ್ದ ನೀರು ಏಕಾಏಕಿ ಕೆಂಪಗೆ ಕದಡುತ್ತದೆ. ಎಲೆ, ಕಡ್ಡಿ, ತುಂಡು ಕೊಂಬೆ ತೇಲಿ ಬರುತ್ತವೆ. ಸದ್ದು ಬದಲಾಗುತ್ತದೆ, ಒಳಗಿಂದ ಗುಡುಗಿದ ಹಾಗೆ. ಇದರಲ್ಲಿ ಒಂದು ಕಂಡರೂ ಬ್ಯಾಗು, ಫೋನು ಯಾವುದನ್ನೂ ಎತ್ತಿಕೊಳ್ಳಲು ನಿಲ್ಲಬೇಡಿ, ಮೇಲೆ ಹತ್ತಿ. ಹೊಳೆಗುಂಟ ಕೆಳಕ್ಕೆ ಓಡಬೇಡಿ. ಯಾವ ಗುರುತೂ ಇಲ್ಲದೆಯೂ ಬರುತ್ತದೆ, ಅದಕ್ಕೆ ಕಾಯುತ್ತಾ ಕೂರುವುದೂ ತಪ್ಪು.

ಏಕಾಂತ
ನನ್ನದು ಒಂದೇ ವಿನಂತಿ. ಸ್ಪೀಕರ್ ಹಾಕಿಕೊಂಡು ಹೋಗಬೇಡಿ. ಇದು ನಿಮಗಲ್ಲ ಮಂಜುಹನಿ, ಓದುವ ಎಲ್ಲರಿಗೂ. ಕಮರಿಯಲ್ಲಿ ಸದ್ದು ಗೋಡೆಗೆ ಬಡಿದು ಒಂದು ಮೈಲಿ ಹೋಗುತ್ತದೆ. ಮೇಲಿಂದ ಕಲ್ಲು ಉರುಳಿದರೂ ಕೇಳುವುದಿಲ್ಲ.

ಹೊಳೆಸಾಲು
ನೂರಕ್ಕೆ ನೂರು ಒಪ್ಪಿದೆ.

ನಿಧಾನನಡಿಗೆ
ಕಲ್ಲುದಾರಿ ಅವರು ಹಳೇ ದಾರಿಯನ್ನು ತುಂಬಾ ನಂಬುತ್ತಾರೆ, ಅದಕ್ಕೆ ಒಂದು ಮಾತು ಸೇರಿಸಬೇಕು. ಸ್ಪೇನಿನ ಕಮಿನಿಟೊ ಡೆಲ್ ರೇ ನೋಡಿ. ಎರಡು ಜಲವಿದ್ಯುತ್ ಘಟಕಗಳ ನಡುವೆ ಕೆಲಸಗಾರರು ಓಡಾಡಲಿ ಎಂದು 1901ರಿಂದ 1905ರೊಳಗೆ ಕಮರಿಯ ಗೋಡೆಗೆ ಕಟ್ಟಿದ ದಾರಿ. 1921ರಲ್ಲಿ ರಾಜ ಹದಿಮೂರನೇ ಅಲ್ಫಾನ್ಸೊ ಅದರ ಮೇಲೆ ನಡೆದ ಮೇಲೆ ಈ ಹೆಸರು ಬಂತು. ಆಮೇಲೆ ಯಾರೂ ನೋಡಿಕೊಳ್ಳಲಿಲ್ಲ. ಕಾಂಕ್ರೀಟು ಉದುರಿ ಬರೀ ಕಬ್ಬಿಣದ ತೊಲೆ ಉಳಿಯಿತು. 1999 ಮತ್ತು 2000ರಲ್ಲಿ ಜನ ಬಿದ್ದು ಸತ್ತ ಮೇಲೆ ಮುಚ್ಚಿದರು. ಹೊಸದಾಗಿ ಕಟ್ಟಿ ತೆರೆದದ್ದು 2015ರಲ್ಲಿ. ಹಳೇದು ಅನ್ನುವುದಕ್ಕೇ ಭದ್ರ ಎಂದಾಗುವುದಿಲ್ಲ. ಕೊನೆಯ ಸಲ ರಿಪೇರಿ ಯಾವಾಗ ಆಯಿತು ಅನ್ನುವುದು ಮುಖ್ಯ.

ಕಲ್ಲುದಾರಿ
ಇದು ಸರಿಯಾದ ಮಾತು. ನಾನೇ ಹೇಳಬೇಕಿತ್ತು.

ನಾನು ಬಿಡುವಿದ್ದಾಗ ಇಂಥ ದಾರಿಗಳನ್ನು ದುರಸ್ತಿ ಮಾಡುವವರ ಜೊತೆ ಹೋಗುತ್ತೇನೆ. ಹಳೇ ದಾರಿಯ ಕೆಳಮಗ್ಗುಲ ಗೋಡೆಗೆ ಗಾರೆ ಇರುವುದಿಲ್ಲ. ಕಲ್ಲಿನ ಮೇಲೆ ಕಲ್ಲು, ಅಷ್ಟೇ. ಕಲ್ಲಿನ ಉದ್ದವನ್ನು ಗುಡ್ಡದ ಒಳಕ್ಕೆ ತೂರಿಸಿರುತ್ತಾರೆ, ಹೊರಗೆ ಕಾಣುವುದು ಅದರ ತಲೆ ಮಾತ್ರ. ಮಳೆನೀರು ಸಂದುಗಳಿಂದ ಸೋರಿ ಹೋಗುತ್ತದೆ, ಗೋಡೆಯ ಹಿಂದೆ ನಿಂತು ಒತ್ತುವುದಿಲ್ಲ. ಈ ಕಲೆಯನ್ನು ಯುನೆಸ್ಕೊ 2018ರಲ್ಲಿ ಯುರೋಪಿನ ಎಂಟು ದೇಶಗಳ ಹೆಸರಿನಲ್ಲಿ ತನ್ನ ಪಟ್ಟಿಗೆ ಸೇರಿಸಿತು.

ಇಂಥ ದಾರಿ ಹಾಳಾಗುವುದು ಜನರ ಕಾಲಿನಿಂದ ಅಲ್ಲ, ನೀರಿನಿಂದ. ದಾರಿಗೆ ಅಡ್ಡವಾಗಿ, ಒಂಚೂರು ಓರೆಯಾಗಿ ಕಲ್ಲು ನಿಲ್ಲಿಸಿ ಮೋರಿ ಮಾಡಿರುತ್ತಾರೆ. ಮೇಲಿನಿಂದ ಬಂದ ನೀರು ಅದರಲ್ಲಿ ಹರಿದು ಕೆಳಗೆ ಬೀಳಬೇಕು. ಅದಕ್ಕೆ ಎಲೆ ತುಂಬಿತು ಅಂದರೆ ನೀರು ದಾರಿಯನ್ನೇ ಹಿಡಿದು ಹರಿಯುತ್ತದೆ. ಎರಡು ಮಳೆಗಾಲ ಸಾಕು, ಗೋಡೆ ಹೋಗುತ್ತದೆ. ಮಂಜುಹನಿ, ದಾರಿಯ ಮಧ್ಯೆ ನೀರು ಕೊರೆದ ಗೆರೆ ಕಂಡರೆ ಮುಂದೆ ಎಲ್ಲೋ ಕುಸಿದಿದೆ ಎಂದೇ ತಿಳಿಯಿರಿ.

ಮಂಜುಹನಿ
ಎಲ್ಲರಿಗೂ ಧನ್ಯವಾದ. ಮೇಲಿನ ದಾರಿಯೇ ಎಂದು ಮೂವರೂ ಒಪ್ಪಿದೆವು. ಮಧ್ಯಾಹ್ನ 12ಕ್ಕೆ ಎಲ್ಲಿದ್ದರೂ ವಾಪಸ್ ತಿರುಗುವುದು ಎಂದು ಅಪ್ಪ ನಿಯಮ ಹಾಕಿದ್ದಾರೆ. ಹೋಗಿ ಬಂದು ಬರೆಯುತ್ತೇನೆ.

ಮಂಜುಹನಿ
ಹೋಗಿ ಬಂದೆವು. ಜಲಪಾತ ನೋಡಲಿಲ್ಲ.

ಆರಕ್ಕೆ ಹೊರಟೆವು. ಮೊದಲ ಎರಡು ಕಿಲೋಮೀಟರ್ ಬರೀ ತಿರುವು, ಒಂದರ ಮೇಲೊಂದು. ಆದರೆ ಕಲ್ಲುದಾರಿ ಅವರು ಹೇಳಿದ ಹಾಗೇ ಏರು ಒಂದೇ ಹದ. ಅಪ್ಪ ಎಲ್ಲೂ ಏದುಸಿರು ಬಿಡಲಿಲ್ಲ. ಒಂದು ತಿರುವಿನಲ್ಲಿ ಸೊಂಟದ ಎತ್ತರಕ್ಕೆ ಕಲ್ಲುಕಟ್ಟೆ ಇತ್ತು. ಹೊರೆ ಹೊತ್ತವರು ಬಗ್ಗದೆ ಇಳಿಸಲು ಇರಬೇಕು ಎಂದು ಅಪ್ಪ ಬ್ಯಾಗನ್ನು ಬೆನ್ನಿನಿಂದಲೇ ಅದರ ಮೇಲೆ ಒರಗಿಸಿ ತೋರಿಸಿದರು. ಸರಿಯಾಗಿ ಕೂತಿತು. ಅದರ ಮೇಲ್ಮೈ ಸವೆದು ನುಣ್ಣಗಾಗಿತ್ತು.

ಕೆಳಗೆ ಹೊಳೆ ಕಾಣುತ್ತಿತ್ತು. ಆ್ಯಪ್‌ನ ಗೆರೆ ಹೋಗಿದ್ದ ಜಾಗದಲ್ಲಿ ಎರಡು ಗೋಡೆ ಹತ್ತಿರ ಹತ್ತಿರ ಬಂದು ನಡುವೆ ಕಪ್ಪು ಮಡು. ದಡವೇ ಇಲ್ಲ. ತಮ್ಮ ಅಂಚಿನಲ್ಲಿ ಕೂತು ಬಹಳ ಹೊತ್ತು ಅದನ್ನೇ ನೋಡಿದ. ಮರದ ದಿಮ್ಮಿಯೊಂದು ಆ ಇಕ್ಕಟ್ಟಿನಲ್ಲಿ ಅಡ್ಡ ಸಿಕ್ಕಿಕೊಂಡಿತ್ತು, ನೀರಿನಿಂದ ಮೂರಾಳು ಎತ್ತರದಲ್ಲಿ. ನೆರೆ ಅಷ್ಟು ಮೇಲೆ ಬಂದಿತ್ತು ಎಂದಾಯಿತಲ್ಲ.

ಆರೂವರೆ ಕಿಲೋಮೀಟರ್ ಹತ್ತಿರ ದಾರಿಯ ಮಧ್ಯೆ ನೀರು ಕೊರೆದ ಗೆರೆ ಕಂಡಿತು. ಮೂವರೂ ಮುಖ ನೋಡಿಕೊಂಡೆವು. ಇನ್ನೂರು ಹೆಜ್ಜೆ ಮುಂದೆ ದಾರಿಯೇ ಇರಲಿಲ್ಲ. ಹನ್ನೆರಡು ಮೀಟರ್ ಅಗಲಕ್ಕೆ ಕುಸಿದು ಸಡಿಲ ಜಲ್ಲಿಯ ಇಳಿಜಾರು, ಅದು ಸೀದಾ ಅಂಚಿಗೆ. ಆಚೆ ಕಡೆ ದಾರಿ ಮತ್ತೆ ಶುರುವಾಗುವುದು ಕಾಣುತ್ತಿತ್ತು. ಜಲಪಾತದ ಸದ್ದೂ ಕೇಳುತ್ತಿತ್ತು. ಅಪ್ಪ ಒಂದು ಕಲ್ಲು ಎತ್ತಿ ಜಲ್ಲಿಯ ಮೇಲೆ ಹಾಕಿದರು. ಅದು ನಿಲ್ಲಲಿಲ್ಲ, ಸುತ್ತಲಿನದನ್ನೂ ಎಳೆದುಕೊಂಡು ಹೋಯಿತು. ಕೆಳಗೆ ಬಿದ್ದ ಸದ್ದು ಬರಲು ಎಷ್ಟೋ ಹೊತ್ತಾಯಿತು. ಹತ್ತೂವರೆ ಗಂಟೆ ಆಗ. ವಾಪಸ್ ಬಂದೆವು.

ಹೊಳೆಸಾಲು
ಹನ್ನೆರಡು ಮೀಟರ್ ಅಷ್ಟೇನಾ? ಹಗ್ಗ ಇತ್ತಲ್ಲ. ಒಬ್ಬರು ದಾಟಿ ಆಚೆ ಮರಕ್ಕೆ ಕಟ್ಟಿದ್ದರೆ ಆಗುತ್ತಿತ್ತು. ಸದ್ದು ಕೇಳುವಷ್ಟು ಹತ್ತಿರ ಹೋಗಿ ತಿರುಗಿದಿರಲ್ಲ ಎಂದು ನನಗೇ ಸಂಕಟ.

ಗುಡ್ಡದಾಚೆ
ಮೊದಲು ದಾಟುವ ಆ ಒಬ್ಬರು ಯಾರು? ಅವರಿಗೆ ಹಗ್ಗ ಹಿಡಿಯುವವರು ಯಾರು? ಅಪ್ಪ ಹಾಕಿದ ಕಲ್ಲು ನಿಲ್ಲಲಿಲ್ಲ ಎಂದು ಬರೆದಿದ್ದಾರೆ. ಕಲ್ಲೇ ನಿಲ್ಲದ ಕಡೆ ಕಾಲು ನಿಲ್ಲುವುದಿಲ್ಲ. ಅದೂ ಬರುವಾಗ ಮತ್ತೊಮ್ಮೆ ದಾಟಬೇಕು, ದಣಿದ ಕಾಲಲ್ಲಿ.

ಹೊಳೆಸಾಲು
ಬರುವಾಗಿನದು ಯೋಚಿಸಿರಲಿಲ್ಲ. ಸರಿ, ನನ್ನ ಮಾತು ವಾಪಸ್.

ತಿಳಿನೀರು
ಅಪ್ಪನಿಗೆ ನನ್ನ ನಮಸ್ಕಾರ ತಿಳಿಸಿ.

ಕಲ್ಲುದಾರಿ
ಮಂಜುಹನಿ, ಒಂದು ಕೇಳಬೇಕು. ಕುಸಿದ ಜಾಗಕ್ಕಿಂತ ಹಿಂದೆ, ನೀರಿನ ಗೆರೆ ಶುರುವಾದ ಕಡೆ, ಮೋರಿ ಇತ್ತಾ? ನೋಡಿದಿರಾ?

ಮಂಜುಹನಿ
ಇತ್ತು. ವಾಪಸ್ ಬರುವಾಗ ತಮ್ಮನೇ ಹುಡುಕಿದ. ಎಲೆ, ಮಣ್ಣು, ಒಂದು ದಪ್ಪ ಕೊಂಬೆ, ಎಲ್ಲ ಸೇರಿ ಮುಚ್ಚಿಹೋಗಿತ್ತು, ಮೋರಿ ಎಂದೇ ಗೊತ್ತಾಗುತ್ತಿರಲಿಲ್ಲ. ನಮಗೆ ಹೊತ್ತಿತ್ತಲ್ಲ, ಕೂತು ಬಗೆದೆವು. ಅಪ್ಪ ಕೋಲಿನಿಂದ ಕುಕ್ಕಿದರು, ನಾವಿಬ್ಬರು ಕೈಯಲ್ಲಿ ತೆಗೆದೆವು. ಅರ್ಧ ಗಂಟೆ ಬೇಕಾಯಿತು. ಅಡಿಯಲ್ಲಿ ಹಾಸುಗಲ್ಲು ಹಾಗೇ ಇತ್ತು, ಒಂದೂ ಅಲುಗಾಡಿರಲಿಲ್ಲ. ಮೇಲಿನಿಂದ ಬೆರಳು ದಪ್ಪ ನೀರು ಒಸರುತ್ತಿತ್ತಲ್ಲ, ಅದು ಮೊದಲು ತಡೆದು ನಿಂತಿತು, ಆಮೇಲೆ ಕಲ್ಲಿನ ಮೇಲೆ ತಿರುಗಿ ಆಚೆ ಬದಿಗೆ ಬಿತ್ತು. ದಾರಿ ಕಡೆ ಒಂದು ಹನಿಯೂ ಬರಲಿಲ್ಲ. ಹೋಗುವಾಗ ಮಾತೇ ಆಡದ ತಮ್ಮ ಅದನ್ನು ವಿಡಿಯೋ ಮಾಡಿದ.

ಇಳಿಯುತ್ತಾ ಇನ್ನೂ ಎರಡು ಬಿಡಿಸಿದೆವು. ಲೆಕ್ಕ ಮಾಡಿದೆ, ದಾರಿಯಲ್ಲಿ ಒಟ್ಟು 23 ಇವೆ. ಹದಿನೈದು ಮುಚ್ಚಿವೆ. ಅದರಲ್ಲಿ ಮೂರನ್ನು ಈಗ ಬಿಡಿಸಿದ್ದೇವೆ.

ಕಲ್ಲುದಾರಿ
ಹನ್ನೆರಡು ಉಳಿದವು. ಮಳೆಗೆ ಮುಂಚೆ ಮುಗಿಸಬಹುದು. ಆ ಜಾಗ ಯಾರ ಸುಪರ್ದಿಯಲ್ಲಿದೆ ಎಂದು ವಿಚಾರಿಸಿ ಮೊದಲು ಅವರ ಒಪ್ಪಿಗೆ ಕೇಳಿ. ಕುಸಿದ ಗೋಡೆಯ ವಿಷಯವನ್ನೂ ಫೋಟೋ ಸಮೇತ ಅವರಿಗೆ ಬರೆದು ಕೊಡಿ, ಅದು ನಮ್ಮ ಕೈಯ ಕೆಲಸವಲ್ಲ. ಒಪ್ಪಿಗೆ ಸಿಕ್ಕರೆ ನಾನು ಬರುತ್ತೇನೆ.

ಹೊಳೆಸಾಲು
ನಾನೂ ಬರುತ್ತೇನೆ.

ಮಂಜುಹನಿ
ನಾಳೆಯೇ ವಿಚಾರಿಸುತ್ತೇನೆ. ತಮ್ಮ ಕೇಳುತ್ತಿದ್ದಾನೆ, ಹಾರೆ ತರಬೇಕಾ?

ಕಲ್ಲುದಾರಿ
ಹಾರೆ ಬೇಡ, ಅಷ್ಟು ದೂರ ಹೊರುವುದು ಕಷ್ಟ. ಗಿಡ್ಡ ಹಿಡಿಯ ಗುದ್ದಲಿ ಎರಡು, ಎಲೆ ಎಳೆಯಲು ಹಲ್ಲಿನ ಕುಂಟೆ ಒಂದು, ಎಲ್ಲರಿಗೂ ಕೈಗವಸು. ಮೋರಿಯ ಕಲ್ಲನ್ನು ಮಾತ್ರ ಕೀಳಬೇಡಿ ಎಂದು ಈಗಲೇ ಹೇಳಿಡಿ.